ರಾಯದುರ್ಗದ ಎತ್ತು

ಹಾಗಲ್ಲ, ಬ್ಯಾಸ್ಕೆಟ್‌ಬಾಲ್ ರಿಂಗಿನ ಹಿಂದೆ ಒಂದು ಬೆಟ್ಟವಿತ್ತು ಎನ್ನುವಷ್ಟು ಮಾತ್ರ ನಿಜ. ಅದು ಯಾವ ಊರಿನ ಬೆಟ್ಟ ಎಂದು ಕೇಳಿದರೆ ತಡವರಿಸುತ್ತೇನೆ. ರಾಯದುರ್ಗಕ್ಕೂ ತಲೆಯ ಮೇಲೆ ಕೋಟೆ ಹೊತ್ತ ಬೆಟ್ಟವಿದೆ, ಮಡಕಶಿರಕ್ಕೂ ಇದೆ. ನನ್ನ ನೆನಪಿನಲ್ಲಿ ಎರಡರ ಬುಡದಲ್ಲೂ ಬಯಲು, ಬಯಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬ. ಆದ್ದರಿಂದ ಬೆಟ್ಟವನ್ನು ಸಾಕ್ಷಿಗೆ ಕರೆದು ಪ್ರಯೋಜನವಿಲ್ಲ. ಚೆಂಡು ನೆಲಕ್ಕೆ ಬಿದ್ದಾಗ ಧೂಳೆದ್ದದ್ದು ನೆನಪಿದೆ. ಅದೇ ಚೆಂಡು ಅದೇ ನೆಲಕ್ಕೆ ಬಿದ್ದು ಟಣ್ಣೆಂದದ್ದೂ ನೆನಪಿದೆ. ಧೂಳೆದ್ದರೆ ಮಣ್ಣಿನ ಅಂಗಳ, ಟಣ್ಣೆಂದರೆ ಸಿಮೆಂಟು. ಎರಡೂ ಒಂದೇ ದಿನ ಇರಲಾರವು. ಎಲ್ಲೋ ಎರಡು ಮ್ಯಾಚುಗಳನ್ನು ನನ್ನ ತಲೆ ಒಂದಾಗಿ ಹೊಲಿದುಬಿಟ್ಟಿದೆ, ಹೊಲಿಗೆ ಎಲ್ಲಿದೆಯೆಂದು ನನಗೇ ಕಾಣುವುದಿಲ್ಲ.

ಹೊಲಿಗೆಯ ಮಾತು ಸುಮ್ಮನೆ ಬಂದದ್ದಲ್ಲ. ಇದನ್ನು ಬರೆಯಲು ಹಚ್ಚಿದ್ದೇ ಒಂದು ಹೊಲಿಗೆಯ ಅಂಗಡಿ. ನನ್ನ ದೊಡ್ಡಪ್ಪನ ಮಗ ರುದ್ರಣ್ಣನಿಗೆ ರಾಯದುರ್ಗದಲ್ಲಿ ಬಟ್ಟೆ ಅಂಗಡಿ. ಅವನ ಮಗ ವಿನಯ್ ಅದರ ಹಿಂದೆಯೇ ಮಷಿನ್ನುಗಳನ್ನಿಟ್ಟು ಜೀನ್ಸ್ ಪ್ಯಾಂಟು, ಶಾಲೆಯ ಯೂನಿಫಾರ್ಮು ಹೊಲಿಸುತ್ತಾನೆ. ಮೊನ್ನೆ ಹೋದಾಗ ವಿನಯ್ ಮತ್ತು ಅವನ ಗೆಳೆಯರು ಮೊಬೈಲು ಹಿಡಿದು ಜಗಳಕ್ಕೆ ನಿಂತಿದ್ದರು. ಅಮೆರಿಕದ ಬ್ಯಾಸ್ಕೆಟ್‌ಬಾಲಿನಲ್ಲಿ ಯಾವ ಕಾಲದ ಸೆಂಟರ್, ಅಂದರೆ ರಿಂಗಿನ ಕೆಳಗೆ ನಿಲ್ಲುವ ಆಟಗಾರ, ದೊಡ್ಡವನು ಎಂಬುದು ಜಗಳ. ಕಪ್ಪುಬಿಳುಪು ಕಾಲದ ಒಬ್ಬ, ಆತ ಕೈ ಎತ್ತಿದರೆ ಸಾಕಂತೆ, ಎದುರಿನವರು ಚೆಂಡು ಎಸೆಯುವುದನ್ನೇ ಮರೆಯುತ್ತಿದ್ದರಂತೆ. ಆಮೇಲಿನ ಇನ್ನೊಬ್ಬ ರಿಂಗಿನ ಸಮೇತ ಬೋರ್ಡನ್ನೇ ಕಿತ್ತು ಕೆಳಗಿಳಿಸಿದವನು. ಈಗಿನವನೊಬ್ಬನಿದ್ದಾನೆ, ಸೆಂಟರ್ ಎಂಬ ಹೆಸರೇ ಹೊರತು ದೂರ ನಿಂತು ಗುರಿಯಿಡುತ್ತಾನೆ, ರಿಂಗಿನ ಹತ್ತಿರ ನೆಂಟರ ಮನೆಗೆ ಬಂದಂತೆ ಬಂದು ಹೋಗುತ್ತಾನೆ. ಮೂವರೂ ಎದುರಾಬದುರಾ ಆಡಿಲ್ಲ, ಆಡಲೂ ಆಗುವುದಿಲ್ಲ. ಹಾಗಾಗಿ ಜಗಳಕ್ಕೆ ಕೊನೆಯೇ ಇಲ್ಲ. ನನಗೆ ಆ ಹೆಸರುಗಳು ಬಾಯಿಗೆ ಹೊರಳುವುದಿಲ್ಲ, ಆದರೆ ಜಗಳ ಮಾತ್ರ ತೀರ ಪರಿಚಿತ. ನಾವೂ ಇದೇ ಜಗಳದಲ್ಲಿ ಅರ್ಧ ಆಯುಷ್ಯ ಕಳೆದವರು. ನಮ್ಮಲ್ಲಿ ಇಬ್ಬರೇ ಇದ್ದರು. ರಾಯದುರ್ಗದ ರುದ್ರಣ್ಣ, ಮಡಕಶಿರದ ಶಿವಲಿಂಗಪ್ಪ.

ಇಲ್ಲೊಂದು ಅಡ್ಡಮಾತು. ನಮ್ಮ ಕಡೆ ಸೆಂಟರ್ ಅಂದರೆ ಊರಿನ ನಾಲ್ಕು ರಸ್ತೆ ಕೂಡುವ ಜಾಗವೂ ಹೌದು. ಆಟೋದವನಿಗೆ ಸೆಂಟರಿಗೆ ಬಿಡಪ್ಪ ಅಂದರೆ ಸಾಕು. ರುದ್ರಣ್ಣ ಆ ಅರ್ಥದಲ್ಲಿ ಸೆಂಟರ್. ರಿಂಗಿನ ಕೆಳಗೆ ನಿಲ್ಲುತ್ತಿದ್ದ, ಉಳಿದವರೆಲ್ಲ ಅವನನ್ನು ಬಳಸಿಕೊಂಡು ಹೋಗಬೇಕಿತ್ತು. ಓಡುವುದು ಅವನಿಗೆ ಮರ್ಯಾದೆಗೆ ಕಡಿಮೆ. ಅವನ ಕಾಲದ ಚೆಂಡು ತೊಗಲಿನದು, ಮಳೆ ಹನಿ ಬಿದ್ದರೆ ಕುಂಬಳಕಾಯಿಯ ತೂಕ. ಅಂಗಳಕ್ಕೆ ಬೆಳಗ್ಗೆ ನೀರು ಹೊಡೆದು ಸುಣ್ಣದ ಗೆರೆ ಎಳೆಯಬೇಕು, ಮಧ್ಯಾಹ್ನದ ಹೊತ್ತಿಗೆ ಗೆರೆ ಆಟಗಾರರ ಪಾದಕ್ಕಂಟಿ ಊರೆಲ್ಲ ತಿರುಗುತ್ತಿತ್ತು. ಶಿವಲಿಂಗಪ್ಪನವರದು ಆಮೇಲಿನ ಕಾಲ. ಸಿಮೆಂಟು, ಕ್ಯಾನ್ವಾಸ್ ಬೂಟು, ಹಾರುವ ಆಟ. ಅವರು ಹಾರಿದರೆ ಇಳಿಯುವುದಕ್ಕೆ ಸ್ವಲ್ಪ ಯೋಚಿಸುತ್ತಿದ್ದರು ಎಂದು ಮಡಕಶಿರದವರು ಹೇಳುತ್ತಾರೆ. ಯೋಚಿಸುತ್ತಿದ್ದದ್ದನ್ನು ನಾನೂ ನೋಡಿದ್ದೇನೆ. ನೋಡಿದ್ದೇನೆಯೇ? ಅಥವಾ ಎಷ್ಟೋ ಸಲ ಕೇಳಿ ಕೇಳಿ ನೋಡಿದಂತೆ ಆಗಿದೆಯೇ? ಈ ಸಾಲನ್ನು ಹೊಡೆದು ಹಾಕಬೇಕಿತ್ತು. ಇರಲಿ ಬಿಡಿ.

ಈ ಎರಡು ಕಾಲಗಳು ಒಂದೇ ಒಂದು ಸಲ ಮುಖಾಮುಖಿಯಾದವು. ಅಣ್ಣನ ಆಟ ಮುಗಿಯುತ್ತ ಬಂದಿತ್ತು, ಶಿವಲಿಂಗಪ್ಪನವರದು ಶುರುವಾಗಿತ್ತು. ನಾನೂ ತಂಡದಲ್ಲಿದ್ದೆ ಎಂದು ಹೇಳಿಕೊಳ್ಳುತ್ತೇನೆ. ಇದ್ದದ್ದು ಬೆಂಚಿನ ಮೇಲೆ. ಯಾರಾದರೂ ಕಾಲು ಉಳುಕಿಸಿಕೊಂಡರೆ ನಾನು ಒಳಗೆ ಹೋಗಬೇಕು. ನಾನು ಒಳಗೆ ಬರುತ್ತೇನೆ ಎಂಬ ಹೆದರಿಕೆಗೋ ಏನೋ, ನಮ್ಮವರು ಉಳುಕಿದ ಕಾಲಿನಲ್ಲೇ ಆಡುತ್ತಿದ್ದರು. ಮ್ಯಾಚು ಸೋತೆವು, ಅದರಲ್ಲಿ ತಕರಾರಿಲ್ಲ. ತಕರಾರಿರುವುದು ನಡುವೆ ಆಡಿದ ಒಂದು ಮಾತಿನ ಬಗ್ಗೆ.

ರಿಂಗಿಗೆ ತಾಗಿ ಚೆಂಡು ಮೇಲೆದ್ದಿತ್ತು. ಕೆಳಗೆ ಇಬ್ಬರು ಸೆಂಟರುಗಳು. ಚೆಂಡು ಅಣ್ಣನ ಕೈಗೆ ಬಂತು. ಪಕ್ಕದಲ್ಲೇ ನಿಂತಿದ್ದ ಅಂಪೈರ್ ತಲೆಯಾಡಿಸಿ ಏನೋ ಅಂದರು. ಆತ ಗುಂತಕಲ್ಲಿನ ಕಡೆಯವರು, ಒಂದು ಮಾತನ್ನು ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವವರು. ಸಾಲದ್ದಕ್ಕೆ ಹಲ್ಲಿನ ನಡುವೆ ಸೀಟಿ. ಆ ಸೀಟಿಯ ಸಂದಿನಿಂದ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿದ್ದು ಒಂದೇ ಶಬ್ದ: ಎತ್ತು.

ತೆಲುಗಿನಲ್ಲಿ ಎತ್ತು ಅಂದರೆ ಎತ್ತರ. ಕನ್ನಡದಲ್ಲಿ ಏನೆಂದು ನಿಮಗೆ ಹೇಳಬೇಕಾಗಿಲ್ಲ.

ಆಂಧ್ರದ ಗಡಿಯ ನಮ್ಮ ಊರುಗಳಲ್ಲಿ ಹುಟ್ಟಿದವರಿಗೆ ಎರಡೂ ಭಾಷೆ ಒಂದೇ ಬಾಯಲ್ಲಿ ಬರುತ್ತವೆ, ಯಾವುದು ಯಾವಾಗ ಬಂತೆಂದು ನಾವು ನೋಡಿಕೊಳ್ಳುವುದಿಲ್ಲ. ಚಿಕ್ಕಂದಿನಲ್ಲಿ ನಮ್ಮ ತರಗತಿಗೆ ಹೊಸದಾಗಿ ಬಂದ ಡ್ರಿಲ್ ಮೇಷ್ಟ್ರು ಪ್ರತಿಯೊಬ್ಬರನ್ನೂ ಎಬ್ಬಿಸಿ, ನಿನ್ನ ಎತ್ತು ಎಷ್ಟು ಎಂದು ತೆಲುಗಿನಲ್ಲಿ ಕೇಳಿದರಂತೆ. ಕಣೇಕಲ್ಲು ಕಡೆಯ ಹುಡುಗನೊಬ್ಬ ಎದ್ದು, ಎರಡು ಸಾರ್, ಅದರಲ್ಲಿ ಒಂದು ಕುಂಟುತ್ತದೆ ಎಂದು ತೆಲುಗಿನಲ್ಲೇ ಉತ್ತರ ಕೊಟ್ಟ. ಆ ಹುಡುಗ ನಾನೇ ಎಂದು ಬಹಳ ಕಾಲ ಹೇಳಿಕೊಂಡು ತಿರುಗಿದ್ದೆ. ಆಮೇಲೆ ನಮ್ಮ ಮನೆಯಲ್ಲಿ ಎತ್ತುಗಳೇ ಇರಲಿಲ್ಲ ಎಂದು ಅಮ್ಮ ನೆನಪಿಸಿದಳು.

ಅಣ್ಣ ಆ ಮಾತನ್ನು ತೆಲುಗಾಗಿ ಕೇಳಿಸಿಕೊಂಡ. ಎತ್ತಂಟೇ ಇದಿ, ಎತ್ತರ ಅಂದರೆ ಇದು ಎಂದು ಅಂಪೈರ್ ಉದ್ಗರಿಸಿದರು ಅಂತ ಊರಿಗೆಲ್ಲ ಹೇಳಿದ. ಅಂಗಡಿಯಲ್ಲಿ ಮೇಲಿನ ಗೂಡಿನ ಬಟ್ಟೆಯ ಥಾನನ್ನು ಸ್ಟೂಲಿಲ್ಲದೆ ಎಳೆಯುವಾಗೆಲ್ಲ ಅದನ್ನೇ ಹೇಳಿದ. ಗಿರಾಕಿಗಳು ಬಟ್ಟೆ ಕೊಳ್ಳದಿದ್ದರೂ ಕತೆ ತಗೊಂಡು ಹೋದರು. ಅತ್ತಿಗೆಗೆ ಮದುವೆಯಾದ ಹೊಸದರಲ್ಲಿ ಹೇಳಿದ, ವಿನಯ್‌ಗೆ ತೊಟ್ಟಿಲಲ್ಲಿ ಹೇಳಿದ. ಬಾಗಿಲುಗಳಲ್ಲಿ ಬಗ್ಗಿಯೇ ನಡೆಯುತ್ತಿದ್ದ. ಈಚೆಗೆ ನಾನು ಅವನ ಪಕ್ಕ ನಿಂತಾಗ ಒಂದು ವಿಷಯ ಗಮನಿಸಿದೆ. ಅವನ ಕಿವಿ ನನ್ನ ಕಿವಿಗಿಂತ ಎರಡು ಬೆರಳು ಮೇಲಿದೆ, ಅಷ್ಟೇ. ವಯಸ್ಸಿಗೆ ಕುಗ್ಗಿದನೋ, ಮೊದಲಿನಿಂದಲೂ ಇಷ್ಟೇ ಇದ್ದನೋ? ಬಾಗಿಲುಗಳು ಅಷ್ಟೇನೂ ಗಿಡ್ಡ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ಅವನಿಗೆ ಇದನ್ನು ಹೇಳಲು ನನಗೆ ಮನಸ್ಸಿಲ್ಲ. ಕೆಲವರು ತಮ್ಮ ಅಳತೆಗಿಂತ ಸ್ವಲ್ಪ ಹೆಚ್ಚಾಗಿ ಬದುಕುತ್ತಾರೆ, ನೋಡುವವರಿಗೂ ಅದರಿಂದ ಸಂತೋಷವೇ.

ಅದೇ ಮಾತನ್ನು ಮಡಕಶಿರದವರು ಕನ್ನಡವಾಗಿ ಕೇಳಿಸಿಕೊಂಡಿದ್ದರು. ಅದು ನಮಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಕಳೆದ ತಿಂಗಳು.

ವಿನಯ್ ಯೂನಿಫಾರ್ಮಿನ ಗಂಟು ಹೊತ್ತು ಮಡಕಶಿರದ ಕಡೆಯ ಶಾಲೆಗಳಿಗೆ ಹೋಗುತ್ತಿದ್ದ. ಅಲ್ಲೊಂದು ಶಾಲೆಯಲ್ಲಿ ಸಹನಾ ಎಂಬ ಟೀಚರ್, ತೋಳಿನ ಅಳತೆ ಸರಿಯಿಲ್ಲ ಎಂದು ಇವನ ಪೂರ್ತಿ ಗಂಟನ್ನು ವಾಪಸ್ಸು ಕಳಿಸಿದಳು. ಸರಿಮಾಡಿ ತಂದ. ಮತ್ತೆ ಕಳಿಸಿದಳು. ಎರಡನೆಯ ಸಲ ಅಳತೆ ನಿಜವಾಗಿ ತಪ್ಪಿತ್ತೋ ಇಲ್ಲವೋ, ಅವರಿಬ್ಬರೂ ಬಾಯಿಬಿಡುವುದಿಲ್ಲ. ಅಂತೂ ವಿಷಯ ಮನೆಗೆ ಬಂತು. ಹುಡುಗಿಯ ತಂದೆ ಯಾರೆಂದು ಕೇಳಿದರೆ ಶಿವಲಿಂಗಪ್ಪ. ಕುಲ, ಮನೆತನ ಎಲ್ಲ ಹೊಂದಿತು. ಅಣ್ಣ ಆ ಹೆಸರು ಕೇಳಿ, ಆಟ ಬಲ್ಲ ಮನೆತನ, ಬರ್ರಿ ಹೋಗೋಣ ಅಂದ. ನಾವು ಹಿರಿಯರು ವಿನಯ್‌ನನ್ನೂ ಕರೆದುಕೊಂಡು ಒಂದು ಟೆಂಪೊ ಮಾಡಿಕೊಂಡು ಕಲ್ಯಾಣದುರ್ಗದ ದಾರಿ ಹಿಡಿದೆವು. ಈಗ ನಮ್ಮ ಎರಡೂ ಊರು ಬೇರೆ ಬೇರೆ ಜಿಲ್ಲೆಗೆ ಸೇರಿವೆ. ಅಣ್ಣ ದಾರಿಯುದ್ದಕ್ಕೂ, ಹೊರಜಿಲ್ಲೆಯ ಸಂಬಂಧ ನೋಡ್ರಿ ಎಂದು ನಗಿಸುತ್ತಿದ್ದ.

ಶಿವಲಿಂಗಪ್ಪನವರು ಬಾಗಿಲಲ್ಲೇ ಕೈಮುಗಿದು ನಿಂತಿದ್ದರು. ಈಗಲೂ ಅಣ್ಣನಿಗಿಂತ ಒಂದು ಗೇಣು ಎತ್ತರ. ಅಣ್ಣ ಅದನ್ನು ನೋಡಲಿಲ್ಲ, ಅಥವಾ ನೋಡದವನಂತೆ ಒಳಗೆ ಹೋದ. ಹೋಗುವಾಗ ಬಾಗಿಲಲ್ಲಿ ಬಗ್ಗಿದ. ಒಬ್ಬಟ್ಟು ಬಂತು, ಕಾಫಿ ಬಂತು. ನಡುವಿನ ಟೀಪಾಯಿಯ ಮೇಲೆ ತಾಂಬೂಲದ ತಟ್ಟೆ ಇಟ್ಟರು. ಎಲೆ, ಅಡಿಕೆ, ತೆಂಗಿನಕಾಯಿ, ಜೊತೆಗೆ ನಮ್ಮ ಸೀಮೆಯ ಚೀನಿಕಾಯಿ, ಅಂದರೆ ನೀವು ಮೋಸಂಬಿ ಅನ್ನುವ ಹಣ್ಣು. ಗಂಡಿನ ತಂದೆ ಆ ತಟ್ಟೆ ಮುಟ್ಟಿ ತಗೊಂಡರೆ ಮಾತು ಆದಂತೆ. ಅಣ್ಣ ಕೈ ಚಾಚಿದ್ದ. ಆಗ ಶಿವಲಿಂಗಪ್ಪನವರ ಅಕ್ಕ ಗೌರಮ್ಮ ಅಡಿಗೆಮನೆಯಿಂದ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಣ್ಣನನ್ನು ಪ್ರೀತಿಯಿಂದ ನೋಡಿದರು.

“ರಾಯದುರ್ಗದ ಎತ್ತು, ರಾಯದುರ್ಗದ ಎತ್ತು ಅಂತಿದ್ರಲ್ಲ ನಮ್ ಹುಡುಗ್ರು, ಅದು ನೀವೇನಾ? ಇಷ್ಟ್ ವರ್ಷ ಬರೀ ಕೇಳಿದ್ದೆ, ಇವತ್ತು ನೋಡ್ದೆ ಬುಡಿ.”

ಅಣ್ಣನ ಕೈ ಹಿಂದಕ್ಕೆ ಬಂತು.

“ಅದು ಎತ್ತು ಅಲ್ರೀ ಅಕ್ಕ,” ಅಂದ. “ಎತ್ತು.”

ಅಂದ ಮೇಲೆ ಅವನಿಗೇ ಗೊತ್ತಾಯಿತು, ತಿದ್ದಿದ್ದೂ ತಪ್ಪೂ ಒಂದೇ ಶಬ್ದ ಎಂದು. ಮೂಲೆಯಲ್ಲಿ ಯಾರೋ ಕೆಮ್ಮಿ ನಗು ನುಂಗಿದರು. ನುಂಗಿದ್ದು ಸಾಲದಾಯಿತು. ಅಣ್ಣನ ಮುಖ ಕೆಂಪಾಯಿತು. ಒಂದು ಊರಿಗೆ ಊರೇ ಇಷ್ಟು ಕಾಲ ತನ್ನನ್ನು ದನ ಅನ್ನುತ್ತಿತ್ತು, ತಾನು ಅದನ್ನೇ ಬಿರುದೆಂದು ಹೇಳಿಕೊಂಡು ಬಂದಿದ್ದೆ ಎಂಬುದು ಅವನೊಳಗೆ ಇಳಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಮನುಷ್ಯ ಎದ್ದು ಹೋಗಿಬಿಡುತ್ತಾನೆ. ಅಣ್ಣ ಚಪ್ಪಲಿ ಬಿಟ್ಟ ಕಡೆ ನೋಡಿದ. ವಿನಯ್ ಸಹನಾಳ ಕಡೆ ನೋಡಿದ. ಅವಳು ತಟ್ಟೆಯ ಕಡೆ ನೋಡುತ್ತಿದ್ದಳು.

ಗೌರಮ್ಮನಿಗೆ ತಾನೇನು ತಪ್ಪು ಮಾಡಿದೆ ಎಂದೇ ತಿಳಿಯಲಿಲ್ಲ. ಎತ್ತು ಅಂದರೆ ಬೈಗುಳ ಅಂತ ಯಾರು ಹೇಳಿದ್ದು, ನಮ್ಮನೇಲಿ ಎತ್ತಿಗೆ ಇಕ್ಕಿದ ಮೇಲೇ ನಾವು ಉಣ್ಣೋದು, ಬಸವಣ್ಣ ಅಲ್ಲವಾ ಎಂದರು.

“ಬಸವಣ್ಣ ಅಂದಿದ್ರ ನಾನೂ ಕೈ ಮುಗೀತಿದ್ದೆ,” ಅಂದ ಅಣ್ಣ. “ನಿಮ್ಮವರು ಹಂಗ ಅಂದಿಲ್ಲಲ್ಲ.”

ಆಮೇಲೆ ನನ್ನ ಕಡೆ ತಿರುಗಿದ. ಈ ಗಳಿಗೆಗೇ ನಾನು ಹೆದರಿದ್ದು.

“ನೀ ಬೆಂಚಿನ ಮ್ಯಾಲೆ ಇದ್ದೆಲ್ಲ. ಹೇಳು. ಅಂಪೈರ್ ತೆಲುಗಿನ್ಯಾಗ ಅಂದನೋ, ಕನ್ನಡದಾಗ ಅಂದನೋ?”

ಎಲ್ಲರೂ ನನ್ನನ್ನೇ ನೋಡಿದರು. ನೋಡಿ, ನನ್ನ ಬದುಕಿನಲ್ಲಿ ಬೆಂಚಿನಿಂದ ಎದ್ದು ಆಟಕ್ಕಿಳಿಯಿರಿ ಎಂದು ಕರೆದದ್ದು ಅದೇ ಮೊದಲ ಸಲ. ನೆನಪನ್ನು ಕೆದಕಿದೆ. ಸೀಟಿ ಕಂಡಿತು. ಅಂಪೈರರ ಮೀಸೆ ಕಂಡಿತು, ಮೀಸೆ ಇತ್ತೋ ಇಲ್ಲವೋ ಆಣೆ ಮಾಡಲಾರೆ. ಮಾತು ಮಾತ್ರ ಕಾಣಲಿಲ್ಲ. ತೆಲುಗು ಅಂದರೆ ಅಣ್ಣನಿಗೆ ಸಮಾಧಾನ, ಆದರೆ ಎದುರಿಗೇ ಅವನಿಗಿಂತ ಒಂದು ಗೇಣು ಹೆಚ್ಚು ಎತ್ತರದ ಮನುಷ್ಯ ಕೂತಿದ್ದಾರೆ, ನಂಬುವವರು ಯಾರು? ಕನ್ನಡ ಅಂದರೆ ನಾವು ಎಲ್ಲರೂ ಎದ್ದು ಟೆಂಪೊ ಹತ್ತಬೇಕು. ಆಗ ನನಗೊಂದು ಮೂರನೆಯ ದಾರಿ ಹೊಳೆಯಿತು. ತೆಲುಗಿನಲ್ಲಿ ಎತ್ತು ಅನ್ನುವುದಕ್ಕೆ ಇನ್ನೊಂದು ಅರ್ಥವೂ ಇದೆ. ಚದುರಂಗದಲ್ಲಿ ನಡೆಸುವ ನಡೆ, ಎದುರಾಳಿಗೆ ಹೂಡುವ ಉಪಾಯ. ಅದನ್ನೇ ಅಂದಿರಬೇಕು, ಅಣ್ಣನ ಆಟದ ಉಪಾಯ ನೋಡಿ ಅಂದ ಮಾತು ಅದು ಎಂದು ಹೇಳಿದೆ.

ಹೇಳುವಾಗಲೇ ನನ್ನ ದನಿ ನನಗೆ ಸುಳ್ಳಾಗಿ ಕೇಳಿಸಿತು. ಅಣ್ಣನಿಗೂ ಕೇಳಿಸಿತು.

“ಇದು ನೀ ಈಗ ಹೊಲಿದದ್ದು,” ಅಂದ. “ಹೊಲಿಗಿ ಇನ್ನೂ ಬಿಸಿ ಐತಿ.”

ಆಗ ಶಿವಲಿಂಗಪ್ಪನವರು ಬಾಯಿ ಬಿಟ್ಟರು. ಅಲ್ಲಿಯವರೆಗೂ ಅವರು ತಲೆ ತಗ್ಗಿಸಿ ಕೂತಿದ್ದರು. ಅಂಪೈರ್ ಏನಂದರೋ ತನಗೂ ಗೊತ್ತಿಲ್ಲ ಎಂದರು. ಹುಡುಗರು ಕರೆಯುತ್ತಿದ್ದ ಹೆಸರನ್ನು ತಾನು ತಡೆಯಲಿಲ್ಲ, ಅದು ನಿಜ. ಆದರೆ ತಾನು ಆ ಹೆಸರನ್ನು ಬೇರೆ ಥರ ತಿಳಿದುಕೊಂಡಿದ್ದೆ ಎಂದರು. ಅವತ್ತು ಚೆಂಡು ಮೇಲಿದ್ದಾಗ ಅವರು ಹಾರಲು ಮಂಡಿ ಬಗ್ಗಿಸಿದ್ದರು. ಹಾರುವ ಜಾಗದಲ್ಲಿ ಅಣ್ಣನ ಬೆನ್ನು ಬಂದು ನಿಂತಿತ್ತು. ಬಲಕ್ಕೆ ಸರಿದರೆ ಬೆನ್ನು ಬಲಕ್ಕಿತ್ತು. ಎಡಕ್ಕೆ ಹೋದರೆ ಎಡಕ್ಕೆ. ತಾನು ಅವನಿಗಿಂತ ಎತ್ತರ, ಅವನಿಗಿಂತ ಚಿಕ್ಕ ಪ್ರಾಯ, ಆದರೂ ನೆಲ ಬಿಟ್ಟು ಮೇಲೇಳುವುದಕ್ಕೆ ನೆಲವೇ ಸಿಗಲಿಲ್ಲ. ಚೆಂಡು ಸುಮ್ಮನೆ ಕೆಳಗೆ ಬಂದು ಅಣ್ಣನ ಕೈಯಲ್ಲಿ ಕೂತಿತು.

“ನೀವು ಹಾರ್‌ಲೇ ಇಲ್ಲ ಯಜಮಾನ್ರೆ,” ಅಂದರು. “ನಂಗೆ ಅವತ್ತಿಂದ ಅದೇ ಕೊರೀತಿತ್ತು. ಆಮೇಲೆ ಎಷ್ಟ್ ಜನದ್ ಮೇಲೆ ಹಾರಿದೀನಿ. ನಿಮ್ ಮೇಲೆ ಮಾತ್ರ ಆಗಿಲ್ಲ.”

ಸಂತೋಷ ಪಡಬೇಕೋ ಸಿಟ್ಟಾಗಬೇಕೋ ಎಂದು ಅಣ್ಣನಿಗೆ ತಿಳಿಯಲಿಲ್ಲ. ಅವನ ಕತೆಯಲ್ಲಿ ಅವನು ಹಾರಿದ್ದ. ಊರೆಲ್ಲ ಕೇಳಿದ ಆ ಹಾರಾಟವನ್ನು ಈ ಮನುಷ್ಯ ಮೆತ್ತಗೆ ಕಿತ್ತುಕೊಂಡು, ಅದರ ಜಾಗದಲ್ಲಿ ಇನ್ನೇನನ್ನೋ ಇಡುತ್ತಿದ್ದರು. ಇಡುತ್ತಿದ್ದದ್ದು ಹೆಚ್ಚಿನದೋ ಕಡಿಮೆಯದೋ?

ಸಹನಾ ಅಲ್ಲಿಯವರೆಗೆ ಮಾತಾಡಿರಲಿಲ್ಲ. ಮದುವೆಯ ಮಾತಿನಲ್ಲಿ ಹುಡುಗಿ ಮಾತಾಡಬಾರದು ಎಂದು ಯಾರೂ ಹೇಳದಿದ್ದರೂ ಎಲ್ಲರೂ ಹಾಗೇ ನಡೆದುಕೊಳ್ಳುತ್ತಾರೆ. ಅವಳು ಟೀಚರ್ ದನಿಯಲ್ಲಿ, ಹೆಂಗ್ ನಿಂತಿದ್ರು ಅಂತ ತೋರ್ಸಪ್ಪ, ಬಾಯಲ್ಲಿ ಹೇಳಿದ್ರೆ ಯಾರಿಗ್ ಅರ್ಥ ಆಗತ್ತೆ, ಅಂದಳು. ಅವಳೇ ತಾಂಬೂಲದ ತಟ್ಟೆಯನ್ನೆತ್ತಿ ನನ್ನ ತೊಡೆಯ ಮೇಲಿಟ್ಟು ಟೀಪಾಯಿಯನ್ನು ಗೋಡೆಗೆ ಸರಿಸಿದಳು.

ಇಬ್ಬರೂ ಎದ್ದರು. ಏಳುವಾಗ ಇಬ್ಬರ ಮಂಡಿಯೂ ಸದ್ದು ಮಾಡಿತು, ಯಾರ ಮಂಡಿ ಯಾವುದು ಎಂದು ಗೊತ್ತಾಗಲಿಲ್ಲ. ಗೋಡೆಯ ಗಡಿಯಾರವೇ ರಿಂಗು ಎಂದಾಯಿತು. ಅಣ್ಣ ಪಂಚೆಯನ್ನು ಮೇಲೆ ಕಟ್ಟಿ, ಶಿವಲಿಂಗಪ್ಪನವರಿಗೆ ಬೆನ್ನು ಕೊಟ್ಟು, ಕಾಲು ಅಗಲಿಸಿ, ಮೊಣಕೈ ಚಾಚಿ ನಿಂತ. ನಾನು ಅವನನ್ನು ಹಾಗೆ ನೋಡಿ ಎಷ್ಟೋ ಕಾಲವಾಗಿತ್ತು. ಅಂಗಡಿಯ ರುದ್ರಣ್ಣನ ಸೊಂಟ ಕೆಳಗಿಳಿಯಿತು, ಕುತ್ತಿಗೆ ಗಟ್ಟಿಯಾಯಿತು. ಎತ್ತರ ಪೂರ್ತಿ ಹೋಗಿತ್ತು, ಅದು ಇದ್ದ ಗುರುತೇ ಇರಲಿಲ್ಲ. ಒಂದು ಅಗಲ ಮಾತ್ರ ಉಳಿದಿತ್ತು. ವಿನಯ್ ನನ್ನ ತೊಡೆಯ ಮೇಲಿನ ತಟ್ಟೆಯಿಂದ ಒಂದು ಚೀನಿಕಾಯಿ ತೆಗೆದು ಗಡಿಯಾರದ ಕೆಳಗಿನ ಗೋಡೆಗೆ ಎಸೆದ.

ಶಿವಲಿಂಗಪ್ಪನವರು ಬಲಕ್ಕೆ ಹೋದರು. ಬೆನ್ನು ಬಲಕ್ಕೆ ಬಂತು. ಎಡಕ್ಕೆ ಹೋದರು. ಬೆನ್ನು ಅಲ್ಲಿತ್ತು. ಅವರ ಕೈ ಅಣ್ಣನ ತಲೆಯ ಮೇಲಿನಿಂದ ಚಾಚಿತು, ಇನ್ನೊಂದು ಗೇಣು ಸಾಲದಾಯಿತು. ಹಣ್ಣು ಗೋಡೆಗೆ ಬಡಿದು, ನಿಧಾನವಾಗಿ ಎನ್ನುವಂತೆ ಅಣ್ಣನ ಎರಡು ಅಂಗೈಗಳಲ್ಲಿ ಬಂದು ಬಿತ್ತು. ಅವನ ಹಿಮ್ಮಡಿ ನೆಲ ಬಿಟ್ಟಿರಲಿಲ್ಲ.

ಗೌರಮ್ಮ ಮೊದಲು ನಕ್ಕರು, ಆಮೇಲೆ ಎಲ್ಲರೂ. ಶಿವಲಿಂಗಪ್ಪನವರು ಏದುಸಿರು ಬಿಡುತ್ತ, ನೋಡಿ, ಅವತ್ತೂ ಇದೇ, ಇದನ್ನ ಏನಂತ ಕರೀತೀರ ನೀವೇ ಹೇಳಿ, ಎಂದು ನಮ್ಮೆಲ್ಲರನ್ನೂ ಕೇಳಿದರು. ಅಣ್ಣ ಕೈಯಲ್ಲಿದ್ದ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದ. ನನ್ನ ತೊಡೆಯ ಮೇಲಿದ್ದ ತಟ್ಟೆಯಲ್ಲಿ ಅದನ್ನಿಟ್ಟು, ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಹಣೆಗೆ ಒತ್ತಿಕೊಂಡ. ಮಾತು ಆಯಿತು. ಮದುವೆಗೆ ದಿನ ನೋಡುತ್ತಿದ್ದಾರೆ.

ವಿನಯ್‌ನ ಗೆಳೆಯರಿಗೆ ಈ ಕತೆ ಹೇಳಿದೆ. ಅವರು ಮೊಬೈಲಿನಿಂದ ತಲೆಯೆತ್ತಿ, ಇವತ್ತಿನ ಆಟದಲ್ಲಿ ಅಂಕಲ್ ಒಂದು ನಿಮಿಷ ನಿಲ್ಲಲ್ಲ, ದೂರದಿಂದ ಹಾಕಿಬಿಟ್ಟರೆ ಬೆನ್ನು ತಗೊಂಡು ಏನು ಮಾಡ್ತಾರೆ, ಅಂದರು. ಇರಬಹುದು. ಬರುವ ಕಾಲಕ್ಕೆ ಹೋದ ಕಾಲ ಯಾವಾಗಲೂ ನಿಧಾನವಾಗಿಯೇ ಕಾಣುತ್ತದೆ. ನನ್ನನ್ನು ಕಾಡುತ್ತಿರುವ ಪ್ರಶ್ನೆ ಅದಲ್ಲ.

ವಾಪಸ್ಸು ಬರುವಾಗ ಅಣ್ಣ ಟೆಂಪೊದಲ್ಲಿ ನನ್ನ ಪಕ್ಕ ಕೂತಿದ್ದ. ಕಲ್ಯಾಣದುರ್ಗ ದಾಟಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದ.

“ಅವ ಖರೇ ನೂಕಿದ್ನೇನೋ?”

ನೂಕಿದರಣ್ಣ, ಬೆವರಿದ್ದರಲ್ಲ ಅಂದೆ. ಅವನು ಹೂಂ ಅಂದ. ನನ್ನ ಮಾತನ್ನು ನಂಬಿದನೋ ಇಲ್ಲವೋ. ಶಿವಲಿಂಗಪ್ಪನವರು ಬೆವರಿದ್ದದ್ದು ನಿಜ, ಆದರೆ ಮೇ ತಿಂಗಳ ಮಡಕಶಿರದಲ್ಲಿ ಕೂತಲ್ಲೇ ಕೂತವರೂ ಬೆವರುತ್ತಾರೆ. ಅವರು ಅಣ್ಣನ ಬೆನ್ನಿಗೆ ಎದೆ ಕೊಟ್ಟು ಇದ್ದ ಶಕ್ತಿಯನ್ನೆಲ್ಲ ಹಾಕಿದರೋ, ಅಥವಾ ಬೀಗರಾಗುವವರ ಮರ್ಯಾದೆಗೆ, ಮಗಳ ಮುಖಕ್ಕೆ ಒಂದು ಗೇಣು ಕಡಿಮೆ ಚಾಚಿದರೋ? ನಾನು ಅವರಿಂದ ಎರಡು ಮಾರು ದೂರದಲ್ಲಿ ತಟ್ಟೆ ಹಿಡಿದು ಕೂತಿದ್ದೆ. ನಡೆದು ಇನ್ನೂ ತಿಂಗಳಾಗಿದೆ ಅಷ್ಟೇ, ನೆನಪು ಹಳತಾಗಿ ಕೆಟ್ಟಿತು ಎನ್ನುವಂತೆಯೂ ಇಲ್ಲ. ಕಣ್ಣು ಬಿಟ್ಟುಕೊಂಡೇ ನೋಡಿದೆ.

ನನಗೆ ಗೊತ್ತಿಲ್ಲ.